ಹೇಳದೆ ಉಳಿದ ಮಾತು

ನಿವೃತ್ತಿಯ ನಂತರ ನನಗೊಂದು ಚಟ ಅಂಟಿಕೊಂಡಿದೆ: ಜಯನಗರದಿಂದ ನಡೆದು ಹೋಗಿ ಹಳೆಯ ಹೋಟೆಲುಗಳಲ್ಲಿ ಕುಳಿತು ತಿಂಡಿ ತಿನ್ನುವುದು. 1943ರಲ್ಲಿ ಗಾಂಧಿ ಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನದಲ್ಲಿ ಇಂದಿಗೂ ಮಾಣಿಗಳು ದೋಸೆಯ ತಟ್ಟೆಗಳನ್ನು ತೋಳಿನುದ್ದಕ್ಕೂ ಪೇರಿಸಿಕೊಂಡು ಬರುತ್ತಾರೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಬಳಿಕ ನಿಂತು ತಿನ್ನುವ ರೂಢಿ ಊರೆಲ್ಲ ಹಬ್ಬಿ, ಮಾಣಿಗಳು ವಿರಳವಾದರು. ಉಳಿದವರ ಮುಖಗಳನ್ನು ನಾನು ದಿಟ್ಟಿಸಿ ನೋಡುತ್ತೇನೆ. ಅದಕ್ಕೊಂದು ಕಾರಣವಿದೆ.

1988ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬನಿದ್ದ. ಮೊದಲನೆಯ ಪಿರಿಯಡ್ಡಿನಲ್ಲೇ ತೂಕಡಿಸುತ್ತಿದ್ದ. ಒಂದು ದಿನ ಸಿಟ್ಟಿಗೆದ್ದು ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ತುಟಿ ಬಿಚ್ಚಲಿಲ್ಲ. ಮರುವಾರ ಬೆಳಗ್ಗೆ ಹೋಟೆಲೊಂದಕ್ಕೆ ಹೋದಾಗ ನನ್ನ ಮೇಜು ಒರೆಸಲು ಬಂದವನು ಅವನೇ! ದಿನವೂ ನಾಲ್ಕು ಗಂಟೆಗೇ ಎದ್ದು ಚಟ್ನಿ ರುಬ್ಬುತ್ತಾನೆಂದು ಗಲ್ಲಾದಲ್ಲಿ ಕುಳಿತವರು ಮೆಚ್ಚುಗೆಯಿಂದಲೇ ಹೇಳಿದರು. “ಕಾಫಿ ಕೊಡಲಾ ಸಾರ್?” ಎಂದ ಹುಡುಗ. ತಪ್ಪಾಯಿತೆಂದು ಹೇಳಬೇಕಾಗಿತ್ತು. “ಸಕ್ಕರೆ ಕಡಿಮೆ ಇರಲಿ” ಎಂದೆ.

ಆ ವರ್ಷವೇ ಅವನು ಶಾಲೆ ಬಿಟ್ಟ. ಆ ಹೋಟೆಲೂ ಈಗಿಲ್ಲ. ಅವನ ಸಹಪಾಠಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಎಲ್ಲಿದ್ದಾನೆಂದು ದಯವಿಟ್ಟು ತಿಳಿಸಿರಿ. ಹೋಗಿ ನೋಡಿ ಬರುತ್ತೇನೆ.