ಗಂಧದೆಣ್ಣೆಯ ಸೀಸೆ

ಶ್ರೀಗಂಧದೆಣ್ಣೆಯ ಪರಿಮಳ ಬಂದಾಗಲೆಲ್ಲ ನನಗೆ ನೆನಪಾಗುವುದು ದೇವರ ಕೋಣೆಯಲ್ಲ, ದೂರದರ್ಶನ. 1987ರಲ್ಲಿ ನ್ಯಾಮತಿಯ ನಮ್ಮ ಬೀದಿಗೆಲ್ಲ ಒಂದೇ ಟಿ.ವಿ. ಇತ್ತು. ‘ಮಾಲ್ಗುಡಿ ಡೇಸ್’ ಬರುವ ದಿನ ತಂದೆಯವರು ಒಗೆದ ಪಂಚೆಯುಟ್ಟು, ಮುಂಗೈಗೆ ಗಂಧದೆಣ್ಣೆ ಸವರಿಕೊಂಡೇ ನೆರೆಮನೆಗೆ ಹೊರಡುತ್ತಿದ್ದರು. ಹಿಂದಿ ಅವರಿಗೆ ಬಾರದು. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರಿಸಿದರೆಂದು ತಿಳಿದಂದಿನಿಂದ, “ಆ ಮನೆಯ ಜಗಲಿಯ ಮೇಲೆ ಒಮ್ಮೆ ಕೂರಬೇಕು ಕಣಪ್ಪ” ಎನ್ನುತ್ತಿದ್ದರು. ಶಿವಮೊಗ್ಗ, ತೀರ್ಥಹಳ್ಳಿ ದಾಟಿದರೆ ಆಗುಂಬೆ. ಒಂದು ದಿನದ ಪ್ರಯಾಣ.

ನಾನೋ ಹೊನ್ನಾಳಿ, ಚನ್ನಗಿರಿ, ಜಗಳೂರು ಎಂದು ವರ್ಗವಾಗುತ್ತ, ಪ್ರತಿ ಬೇಸಿಗೆಯೂ ಉತ್ತರಪತ್ರಿಕೆಗಳ ನೆಪ ಹೇಳಿದೆ. (ನಿಮ್ಮ ನೆಪಗಳನ್ನು ಒಮ್ಮೆಯೂ ಒಪ್ಪದ ಮೇಷ್ಟರು ನಾನೇ ಅಲ್ಲವೇ?) ತಂದೆಯವರು ತೀರಿಕೊಂಡ ಮೇಲೆ ಸೀಸೆ ನನ್ನ ಪಾಲಿಗೆ ಬಂದಿತು. ಈಗ ಬಿಡುವು ಧಾರಾಳವಾಗಿದೆ. ಸಂಜೆ ಅದರ ಬಿರಡೆ ತೆಗೆದು, ಮನಸ್ಸಿನಲ್ಲೇ ಬಸ್ಸು ಹತ್ತುತ್ತೇನೆ. ತೀರ್ಥಹಳ್ಳಿಯವರೆಗೆ ಹೋಗಿ ಹಿಂದಿರುಗುತ್ತೇನೆ.