ಕರಿಯ ಪೆಟ್ಟಿಗೆಯ ಮೇಲಿನ ಗೀರು

ಕಲೆಯೆಂಬುದು ಬಿಳಿಯ ಬಟ್ಟೆಗೆ ಮಾತ್ರ ಶತ್ರುವೆಂದು ತಿಳಿದವರು ಕರಿಯ ಬಣ್ಣದ ಕಷ್ಟವನ್ನು ಅರಿಯರು. ಕನ್ನಡಿಯಂತೆ ಹೊಳೆಯುವ ಕಪ್ಪು ವಸ್ತುವೊಂದು ಮನೆಗೆ ಬಂದಿತೆಂದರೆ, ಬೀದಿಯ ಧೂಳು, ಮಕ್ಕಳ ಬೆರಳು, ಒರೆಸುವವರ ಅವಸರ ಎಲ್ಲವೂ ಅದರ ಮೈಮೇಲೆ ದಾಖಲಾಗುತ್ತ ಹೋಗುತ್ತವೆ. ಮೈಸೂರಿನ ಸರಸ್ವತೀಪುರದ ಒಂದು ಮನೆಯಲ್ಲಿ ಇಂತಹ ದಾಖಲೆಯೇ ತಂದೆ ಮಗನ ನಡುವೆ ಮೂರು ತಿಂಗಳ ಮೌನಕ್ಕೆ ಕಾರಣವಾಯಿತು.

ಆ ಮನೆಯ ರಾಯರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಬೆಳಿಗ್ಗೆ ಕಾಫಿ, ಪತ್ರಿಕೆ, ಅನಂತರ ಅರ್ಧ ಗಂಟೆ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಇದು ಅವರ ದಿನಚರಿ. ಪುಣೆಯಲ್ಲಿ ಉದ್ಯೋಗದಲ್ಲಿರುವ ಮಗ, ತಂದೆಗೆ ಎಪ್ಪತ್ತು ತುಂಬಿದಾಗ ಒಂದು ಜೊತೆ ಸ್ಪೀಕರುಗಳನ್ನು ತಂದು ಕೊಟ್ಟಿದ್ದ. ಸೊಂಟದೆತ್ತರದ ಪೆಟ್ಟಿಗೆಗಳು, ಪಿಯಾನೋ ವಾದ್ಯದ ಮೈಯಂತೆ ಕಪ್ಪಗೆ ಮಿರುಗುವಂಥವು. ರಾಯರು ದಿನವೂ ವೀಣೆ ಕೇಳುವ ಮುನ್ನ ಹಳೆಯ ಪಂಚೆಯ ತುಂಡೊಂದನ್ನು ಹಿಡಿದು, ದೇವರ ಮಂಟಪವನ್ನು ಒರೆಸುವ ಶ್ರದ್ಧೆಯಿಂದ ಅವುಗಳನ್ನು ಒರೆಸುತ್ತಿದ್ದರು.

ಎರಡು ವರ್ಷಗಳ ಬಳಿಕ ಮಗ ರಜೆಯಲ್ಲಿ ಬಂದ. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದು, ಪೆಟ್ಟಿಗೆಯ ಕಪ್ಪಿನ ಮೇಲೆ ಜೇಡರ ಬಲೆಯಂತೆ ನೂರಾರು ಸಣ್ಣ ಗೀರುಗಳು ಬೆಳಗಿದವು.

‘‘ಏನಪ್ಪ ಇದು! ಇಷ್ಟು ಬೆಲೆಯ ಸಾಮಾನನ್ನು ನಿಮ್ಮ ಕೈಗೆ ಕೊಟ್ಟದ್ದೇ ತಪ್ಪಾಯಿತು’’ ಎಂದುಬಿಟ್ಟ.

ರಾಯರು ಮಾತನಾಡಲಿಲ್ಲ. ಪಂಚೆಯ ತುಂಡನ್ನು ಮಡಿಸಿ ಒಳಗಿಟ್ಟರು. ಮರುದಿನ ಸ್ಪೀಕರುಗಳ ಮೇಲೆ ಹಳೆಯ ಹೊದಿಕೆಯೊಂದು ಬಿದ್ದಿತು, ವೀಣೆಯೂ ನಿಂತಿತು. ಮಗ ಊರಿಗೆ ಹಿಂತಿರುಗಿದ ಮೇಲೆ ತಾಯಿ ಫೋನಿನಲ್ಲಿ, ‘‘ನಿಮ್ಮಪ್ಪ ಅದರ ಹತ್ತಿರಕ್ಕೇ ಹೋಗುತ್ತಿಲ್ಲ ಕಣೋ’’ ಎಂದಷ್ಟೇ ಹೇಳಿದರು.

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಗೀರನ್ನಾದರೂ ತೆಗೆಯಬಹುದೇ ಎಂದು ಮಗ ವಿಚಾರಿಸತೊಡಗಿದ. ವಿಚಾರಿಸಿದಷ್ಟೂ ಅವನ ತಲೆ ತಗ್ಗಿತು. ನುಣುಪಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಗೀರಿನ ಅಂಚುಗಳು ಅದನ್ನು ಕಂಡಕಂಡ ಕಡೆಗೆ ಚೆದರಿಸುತ್ತವೆ. ಸುತ್ತಲೂ ಕಪ್ಪಿರುವುದರಿಂದ ಆ ಚೆದರಿದ ಬೆಳಕು ಬೆಳ್ಳಗೆ ಕಾಣುತ್ತದೆ. ಅದೇ ಗೀರು ಬಿಳಿಯ ಪೆಟ್ಟಿಗೆಯ ಮೇಲಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಲೆಯ ಆಕಾರವೂ ಒಂದು ಭ್ರಮೆಯೇ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ; ದೀಪದ ಬಿಂಬವನ್ನು ಬಳಸಿ ಅಡ್ಡಲಾಗಿ ಬಂದವು ಮಾತ್ರ ಕಣ್ಣಿಗೆ ಬೆಳಕನ್ನು ಕಳುಹಿಸುವುದರಿಂದ ಸುತ್ತುಸುತ್ತಾಗಿ ತೋರುತ್ತವೆ.

ಇನ್ನು ಅಪರಾಧಿ ಯಾರು? ಪಂಚೆಯ ಬಟ್ಟೆಯಲ್ಲ; ನೂರು ಬಾರಿ ಒಗೆದ ಹತ್ತಿ ಮೃದುವಾದುದೇ. ಬೀದಿಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಕಾಠಿಣ್ಯದ ಅಳತೆಯಲ್ಲಿ ವಜ್ರಕ್ಕೆ 10 ಎಂದರೆ ಬೆಣಚಿಗೆ 7. ಸಾಧಾರಣ ಚಾಕುವಿನ ಉಕ್ಕಿಗಿಂತಲೂ ಅದು ಗಟ್ಟಿ. ಒಣಬಟ್ಟೆಯಿಂದ ಒರೆಸುವವನು ತಿಳಿಯದೆಯೇ ಆ ಕಣಗಳನ್ನು ಪೆಟ್ಟಿಗೆಯ ಮೇಲೆ ಎಳೆಯುತ್ತಾನೆ. ಹೆಚ್ಚು ಅಕ್ಕರೆಯಿಂದ ಒರೆಸಿದಷ್ಟೂ ಗೀರು ಹೆಚ್ಚು.

ದೀಪಾವಳಿಗೆ ಮಗ ಪುನಃ ಮೈಸೂರಿಗೆ ಹೊರಟ. ದಾರಿಯಲ್ಲಿ ಚನ್ನಪಟ್ಟಣ ಬಂದಾಗ, ಬಾಲ್ಯದಲ್ಲಿ ತಂದೆ ಅಲ್ಲಿ ಇಳಿಸಿ ತೋರಿಸಿದ್ದುದು ನೆನಪಾಯಿತು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ. ಅನಂತರ ಕೇದಗೆಯ ಗರಿಯನ್ನು ಒತ್ತಿ ಹಿಡಿದಾಗ ಹೊಳಪು ಏಳುತ್ತದೆ. ಹೊಳಪೆಂಬುದು ಮೇಲೆ ಹಚ್ಚಿದ್ದಲ್ಲ, ಉಜ್ಜಿ ಬರಿಸಿದ್ದು ಎಂದು ಅಂದು ತಂದೆ ಹೇಳಿದ್ದರು.

ಮನೆಗೆ ಬಂದು ಹೊದಿಕೆ ತೆಗೆದು, ಕೆಲಸಕ್ಕೆ ಅನುಕೂಲವಾಗಲೆಂದು ಬಲಗಡೆಯ ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆ ಸರಿಸಿದ. ಗೋಡೆಗೆ ಮುಖಮಾಡಿದ್ದ ಮಗ್ಗುಲಲ್ಲಿ ಗೇಣುದ್ದದ ಗೀರೊಂದು ಇತ್ತು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳವಾದುದು. ಅವನು ಬಾಯಿ ತೆರೆಯುವ ಮೊದಲೇ ತಾಯಿ ಮೆಲ್ಲನೆ ಹೇಳಿದರು:

‘‘ಅದು ಪೆಟ್ಟಿಗೆ ಬಿಚ್ಚಿದ ದಿನ ನಿನ್ನ ಗಡಿಯಾರದ ಕೊಂಡಿ ತಗಲಿ ಆದದ್ದು. ನಿನಗೆ ಗೊತ್ತಾಗಲಿಲ್ಲ. ನೋಡಿದರೆ ಬೇಜಾರು ಮಾಡಿಕೊಳ್ಳುತ್ತೀಯೆಂದು ಅವರೇ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಾಯಿಸಿ ಆ ಪಕ್ಕವನ್ನು ಗೋಡೆಗೆ ಮಾಡಿಟ್ಟರು.’’

ಮಗ ಬಹಳ ಹೊತ್ತು ನೆಲದ ಮೇಲೆಯೇ ಕುಳಿತಿದ್ದ. ಅನಂತರ ಒಳಗೆ ಹೋಗಿ, ‘‘ಅಪ್ಪ, ಟಾರ್ಚು ಹಿಡಿಯಲು ಒಬ್ಬರು ಬೇಕು. ಬರುತ್ತೀರಾ?’’ ಎಂದ. ರಾಯರು ಕನ್ನಡಕ ಹಾಕಿಕೊಂಡು ಎದ್ದು ಬಂದರು.

ಕೆಲಸ ನಿಧಾನವಾಗಿ ಸಾಗಿತು. ಮೊದಲು ವಿದ್ಯುತ್ತಿನ ತಂತಿಗಳನ್ನು ಬಿಡಿಸಿ, ಸ್ಪೀಕರಿನ ಬಾಯಿಯನ್ನು ಕಾಗದದಿಂದ ಮುಚ್ಚಿದ್ದಾಯಿತು. ಮೆತ್ತನೆಯ ಕುಂಚದಿಂದ ಧೂಳನ್ನು ಹಾರಿಸಿ, ಸಾಬೂನಿನ ತಿಳಿನೀರಿನಲ್ಲಿ ಅದ್ದಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಒಣಗಿಸಿದರು. ಕಾರಿನ ಬಣ್ಣಕ್ಕೆ ಕೊನೆಯ ಹೊಳಪು ಕೊಡುವ ಅತಿ ನಯವಾದ ಪಾಲಿಷನ್ನು ಬಟಾಣಿಯಷ್ಟೇ ತೆಗೆದುಕೊಂಡು, ಮೊದಲು ಹಿಂಬದಿಯ ಕಾಣದ ಮೂಲೆಯಲ್ಲಿ ಪರೀಕ್ಷಿಸಿದರು. ಪೆಟ್ಟಿಗೆಯ ಮೇಲಿನದು ಲ್ಯಾಕರಿನ ಲೇಪವಾದರೆ ಅದು ಸರಿ. ಬರಿಯ ಪ್ಲಾಸ್ಟಿಕ್ಕಾದರೆ ಅದಕ್ಕೆಂದೇ ಇರುವ ಪಾಲಿಷ್ ಬೇಕು. ಥಿನ್ನರು, ಸ್ಪಿರಿಟ್ಟುಗಳ ಸಹವಾಸ ಎರಡಕ್ಕೂ ಕೂಡದು. ಬಳಿಕ ಸ್ಪಂಜಿನ ಬಿಲ್ಲೆಯಿಂದ ಅಂಗೈಯಗಲದ ಜಾಗವನ್ನು ಮಾತ್ರ ಹಿಡಿದು, ಒತ್ತದೆ ಉಜ್ಜುವುದು. ಹೊಸ ಬಟ್ಟೆಯಿಂದ ಒರೆಸುವುದು. ಟಾರ್ಚನ್ನು ಓರೆಯಾಗಿ ಹಿಡಿದು ನೋಡುವುದು. ಅಂಚುಗಳಲ್ಲಿ ಲೇಪ ಬೇಗ ಸವೆಯುವುದರಿಂದ ಅಲ್ಲಿ ಕೈ ಇನ್ನೂ ಹಗುರ.

‘‘ಗೀರು ತುಂಬಿಕೊಳ್ಳುತ್ತದೆಯೋ?’’ ಎಂದು ರಾಯರು ಕೇಳಿದರು.

‘‘ಇಲ್ಲ ಅಪ್ಪ. ಮೇಣ ಹಚ್ಚಿದರೆ ತುಂಬಿದಂತೆ ಕಾಣುತ್ತದೆ, ಕೆಲವು ಕಾಲದ ಮೇಲೆ ಮತ್ತೆ ಹೊರಬೀಳುತ್ತದೆ. ಉಜ್ಜಿದಾಗ ಗೀರಿನ ಸುತ್ತಲಿನ ಮೈಯೇ ಗೀರಿನ ಮಟ್ಟಕ್ಕೆ ಇಳಿಯುವುದು.’’

ರಾಯರು ಟಾರ್ಚನ್ನು ಸ್ವಲ್ಪ ಸರಿಸಿ ಹಿಡಿದರು. ‘‘ಹಾಗಾದರೆ ಪದೇ ಪದೇ ಮಾಡುವ ಕೆಲಸವಲ್ಲ’’ ಎಂದರು.

ಕತ್ತಲಾಗುವ ಹೊತ್ತಿಗೆ ಜೇಡರ ಬಲೆ ಮಾಯವಾಗಿತ್ತು. ಉಳಿದದ್ದು ಗೇಣುದ್ದದ ಆ ಒಂದು ಗೀರು. ಅದನ್ನು ತೆಗೆಯಹೊರಟರೆ ಲೇಪವೇ ತೀರಿ ಒಳಗಿನ ಹಲಗೆ ಕಂಡೀತೆಂದು ಮಗ ಹೇಳಿದ. ‘‘ಇರಲಿ ಬಿಡು, ಗೋಡೆಯ ಕಡೆಗೆ ತಾನೆ’’ ಎಂದರು ರಾಯರು.

ಮಗ ಒಪ್ಪಲಿಲ್ಲ. ಬಲದ ಪೆಟ್ಟಿಗೆಯನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ, ಮೊದಲಿದ್ದಂತೆಯೇ ಇಟ್ಟ. ಗೀರು ಈಗ ಕೋಣೆಗೆ ಕಾಲಿಟ್ಟವರಿಗೆಲ್ಲ ಕಾಣುವಂತಿತ್ತು.

ಮರುದಿನ ಬೆಳಿಗ್ಗೆ ಅವನಿಗೆ ಎಚ್ಚರವಾದಾಗ ನಡುಮನೆಯಿಂದ ವೀಣೆ ಕೇಳಿಸುತ್ತಿತ್ತು. ರಾಯರು ಮೆತ್ತನೆಯ ಕುಂಚದಿಂದ ಪೆಟ್ಟಿಗೆಯ ಧೂಳನ್ನು ಹಾರಿಸುತ್ತಿದ್ದರು. ಪಂಚೆಯ ತುಂಡು ಹೆಗಲ ಮೇಲೆ ಇದ್ದೇ ಇತ್ತು. ಅದರಿಂದ ಅವರು ತಮ್ಮ ಕನ್ನಡಕವನ್ನು ಒರೆಸಿಕೊಂಡರು.