ಪ್ಲಗ್ಗಿನ ಆಯುಷ್ಯ

ತಾಳವಾಡಿಯವರಾದ ನಮಗೆ ಜಿಲ್ಲಾ ಕಚೇರಿಯ ಕೆಲಸ ಬಿತ್ತೆಂದರೆ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಈರೋಡಿಗೆ ಹೋಗಬೇಕು. ಆನೆಗಳು ಓಡಾಡುವ ಆ ಕಾಡಿನ ನಡುವೆ ಮೋಟಾರುಸೈಕಲ್ಲು ನಿಂತುಹೋದರೆ, ಉಳಿಸಿದ ನಾಲ್ಕು ಕಾಸು ಯಾವ ಪುರುಷಾರ್ಥಕ್ಕೆ? ಆದುದರಿಂದ ಪ್ಲಗ್ಗಿನ ವಿಷಯದಲ್ಲಿ ನಮ್ಮ ಜಿಪುಣತನಕ್ಕೂ ಒಂದು ಎಲ್ಲೆಯುಂಟು.

ನಮ್ಮದು ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿ ಮಾತ್ರ ಹಠ ಬಿಟ್ಟಿಲ್ಲ. ಪೆಟ್ರೋಲಿನೊಡನೆ ಎಣ್ಣೆಯನ್ನೂ ಉರಿಸುವ ಎಂಜಿನ್ನಾದುದರಿಂದ ಪ್ಲಗ್ಗಿಗೆ ಮಸಿ ಹತ್ತುವುದು ಸಹಜ. ಪಿಂಗಾಣಿಯ ಮೇಲಿನ ಮಸಿಯೇ ವಿದ್ಯುತ್ತಿಗೆ ದಾರಿಯಾದರೆ ಕಿಡಿ ಹಾರದು. ತುದಿ ಕಂದುಬಣ್ಣಕ್ಕಿದ್ದರೆ ಎಂಜಿನ್ನು ಆರೋಗ್ಯವಾಗಿದೆಯೆಂದು ತಿಳಿಯಬಹುದು. ಬಿಳಿಚಿದ್ದರೆ ಕಾವು ಮೀರಿದೆ.

ಎಂಜಿನ್ನು ತಣಿದ ಮೇಲೆ, ಒಲೆಯಿಂದ ದೂರ ಕುಳಿತು, ತುಸು ಪೆಟ್ರೋಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದರೆ ಸಾಕು. ತಂತಿಬ್ರಷ್ಷಿನಿಂದ ಪಿಂಗಾಣಿಯನ್ನು ಉಜ್ಜುವ ಶೂರರುಂಟು. ಅಲ್ಲಿ ಉಳಿಯುವ ಲೋಹದ ಗೆರೆ ಮಸಿಯ ಕೆಡುಕನ್ನೇ ಮಾಡುತ್ತದೆ. ಉಪ್ಪುಕಾಗದದ ಹರಳೂ ಒಳಗೆ ಸಿಲುಕುವುದುಂಟು. ಬಳಿಕ ನಡುಗಂಬಿಯನ್ನು ಮುಟ್ಟದೆ, ಹೊರಗಿನ ಕೊಂಡಿಯನ್ನಷ್ಟೇ ಮೆಲ್ಲನೆ ಬಾಗಿಸಿ ಸುಮಾರು 0.6 ಮಿಲಿಮೀಟರಿನ ಸಂದನ್ನು ಸರಿಪಡಿಸುತ್ತೇವೆ. ಮರಳಿ ತೊಡಿಸುವಾಗ ಮೊದಲ ಸುತ್ತುಗಳು ಬೆರಳಿನಿಂದಲೇ ಆಗಬೇಕು. ಅಲ್ಯೂಮಿನಿಯಮ್ಮಿನ ತಿರುಪು ಕೆಟ್ಟರೆ ಹತ್ತು ಪ್ಲಗ್ಗುಗಳ ದುಡ್ಡೂ ಸಾಲದು.

ನಡುಗಂಬಿಯ ಅಂಚು ಸವೆದು ದುಂಡಾದ ಮೇಲೆ ಎಷ್ಟು ತೊಳೆದರೂ ಫಲವಿಲ್ಲ. ಆಗ ಚಾಮರಾಜನಗರದಿಂದ ಹೊಸದನ್ನೇ ತರುತ್ತೇವೆ. ಹಳೆಯದರ ಪಿಂಗಾಣಿ ಸೀಳಿರದಿದ್ದರೆ ಅದನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಸ್ಪಾನರಿನೊಡನೆ ಗಾಡಿಯ ಪೆಟ್ಟಿಗೆಯಲ್ಲಿಡುತ್ತೇವೆ.